ಬಾಗಿಲ ಕಡೆಯ ಎರಡು ಪೈಪು

ವಿದ್ಯಾ, ಆ ದಿನ ಕ್ಯಾಂಪರಿನೊಳಗೆ ತನ್ವಿಗೆ ಸೀರೆಯ ತೊಟ್ಟಿಲು ಕಟ್ಟಿದ್ದು ನಿನ್ನ ಅತ್ತೆ ಅಲ್ಲ. ನಾನು.

ಛಾವಣಿಗೆ ಆಧಾರವಾಗಿ ನಿಲ್ಲಬೇಕಿದ್ದ ಪೈಪುಗಳನ್ನು ತೆಗೆದವಳೂ ನಾನೇ. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಎರಡೂ ಭುಜ ಹಿಡಿದು ಕೇಳಿದಾಗ, “ನಾನು ಬೇಡ ಅಂದೆ, ಅವರು ಕೇಳಲಿಲ್ಲ” ಎಂದವಳೂ ನಾನೇ. ಅವರು ಕೇಳಲಿಲ್ಲ ಎಂದೆ. ಆದರೆ ಅವರು ಕೇಳಿದ್ದರು — ನನ್ನನ್ನು ಕೇಳಿಯೇ, ನಾನು ಹೇಳಿದ್ದನ್ನು ನಂಬಿಯೇ ಮಗುವನ್ನು ಅದರೊಳಗೆ ಮಲಗಿಸಿದ್ದರು.

ಇಷ್ಟನ್ನು ಹೇಳಲು ನನಗೆ ಹತ್ತು ವರ್ಷ ಬೇಕಾಯಿತು. ತನ್ವಿಯನ್ನು ದಿನಾ ಶಾಲೆಯಲ್ಲಿ ನೋಡುತ್ತೇನೆ. ಅವಳು ಬರೆಯುವುದು ಎಡಗೈಯಲ್ಲಿ. ಉತ್ತರ ಗೊತ್ತಿದ್ದಾಗ ಎತ್ತುವುದು ಮಾತ್ರ ಬಲಗೈ. ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಅವಳ ತರಗತಿಯ ಮುಂದೆ ಹಾದುಹೋಗುವಾಗ ಅವಳು ಕೈ ಎತ್ತಿರದಿದ್ದರೆ ಸಾಕು ಎಂದುಕೊಳ್ಳುತ್ತೇನೆ. ಒಬ್ಬ ಶಿಕ್ಷಕಿ ಹಾಗೆ ಬಯಸುತ್ತಾಳೆಂದರೆ...

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ನಡುವಿನಿಂದ ಶುರುಮಾಡಿದರೆ ಎಲ್ಲೋ ಒಂದು ಕಡೆ ನುಣುಚಿಕೊಂಡು ಬಿಡುತ್ತೇನೆ ಎಂಬ ಭಯ ನನಗೆ. ನನ್ನನ್ನು ನಾನು ಅಷ್ಟು ಬಲ್ಲೆ.

ವಾಲ್ಟರ್ ಆ ಕ್ಯಾಂಪರನ್ನು ಕಂಡದ್ದು ಸಬ್ಹಾನಿನ ಒಂದು ಗೋದಾಮಿನ ಹಿಂದೆ, ಮುರಿದ ಪ್ಯಾಲೆಟ್ಟುಗಳ ಮಧ್ಯೆ. ಈ ಗಲ್ಫ್ ದೇಶ ಬಿಟ್ಟು ಹೋದ ಯಾರದ್ದೋ ಸಾಮಾನು. ಮುಚ್ಚಿಟ್ಟಾಗ ಎರಡು ಚಕ್ರದ ಮೇಲೆ ಕೂತ ಚಪ್ಪಟೆ ಪೆಟ್ಟಿಗೆ, ಅಷ್ಟೆ. ಮುಂದಿನ ಹಿಡಿಕೆ ತಿರುಗಿಸಿದರೆ ಒಳಗಿನ ಉಕ್ಕಿನ ಕೇಬಲ್ ಎಳೆದು ನಾಲ್ಕು ಮೂಲೆಯ ಕಂಬಗಳು ಮೇಲೇರುತ್ತವೆ, ಛಾವಣಿ ಎದ್ದು ನಿಲ್ಲುತ್ತದೆ. ಸುತ್ತ ಕ್ಯಾನ್ವಾಸಿನ ಗೋಡೆ, ಎರಡೂ ತುದಿಗೆ ಹೊರಗೆ ಚಾಚುವ ಹಾಸಿಗೆ. ಅದನ್ನು ಅಗ್ಗಕ್ಕೆ ಕೊಂಡು, ನಮ್ಮ ಕಾರಿನ ಹಿಂದೆ ಕಟ್ಟಿ ಸಾಲ್ಮಿಯಾದ ನಮ್ಮ ಕಟ್ಟಡಕ್ಕೆ ಎಳೆದು ತಂದಾಗ ನೀವು ಗಂಡ ಹೆಂಡತಿ ಮೇಲಿನ ಮನೆಯಿಂದ ಕೆಳಗಿಳಿದು ಬಂದಿದ್ದಿರಿ. ಗಣೇಶ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ವಾಲ್ಟರಣ್ಣ, ಇದು ಕ್ಯಾಂಪರಾ, ಕೋಳಿಗೂಡಾ?” ಎಂದ.

“ಕೋಳಿಗೂಡಾದ್ರೆ ಮೊದಲು ನಿನ್ನನ್ನೇ ಕೂಡಿಹಾಕುದು ಮಾರಾಯ,” ಎಂದರು ಇವರು.

ಆಗ ನಮಗೆಲ್ಲ ಅದೊಂದು ಆಸೆ ಇತ್ತಲ್ಲ — ಚಳಿಗಾಲ ಬಂದರೆ ಈ ಊರಿಗೆ ಊರೇ ಮರುಭೂಮಿಯಲ್ಲಿ ಡೇರೆ ಹಾಕುತ್ತದೆ, ನಾವು ಮಾತ್ರ ನಾಲ್ಕು ಗೋಡೆಯೊಳಗೆ ಟಿವಿ ನೋಡುತ್ತೇವೆ. ಸಮುದ್ರದಂಡೆಯ ಬಾಡಿಗೆ ಮನೆಗಳು ನಮ್ಮ ಕೈಗೆ ಎಟುಕುವಂಥವಲ್ಲ. ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಮಕ್ಕಳಿಗೆ ಆಕಾಶ ಅಂತ ಒಂದನ್ನು ತೋರಿಸಬೇಕು ಎಂದು ನೀನೇ ಹೇಳಿದ್ದೆ. ಹೊಟ್ಟೆಯಲ್ಲಿ ತನ್ವಿ ಇದ್ದಳು.

ಆ ಶುಕ್ರವಾರದ ರಜೆಗಳು! ನಾವು ಪೂಜೆ ಮುಗಿಸಿ ಚರ್ಚಿನಿಂದ ಬರುವಷ್ಟರಲ್ಲಿ ಗಣೇಶ್ ಕಟ್ಟಡದ ಹಿಂದಿನ ಬಯಲಿನಲ್ಲಿ ಬನಿಯನ್ ಹಾಕಿಕೊಂಡು ತುಕ್ಕು ಉಜ್ಜುತ್ತಿದ್ದ. ನೀನು ನಿನ್ನ ಹೊಲಿಗೆ ಮೆಷಿನ್ನಿನಲ್ಲಿ ಕಿಟಕಿಗಳ ಹರಿದ ಸೊಳ್ಳೆಬಲೆ ತೆಗೆದು ಹೊಸದು ಹಾಕಿದೆ. ಹೊಟ್ಟೆ ಮೆಷಿನ್ನಿಗೆ ತಾಗುತ್ತದೆಂದು ಓರೆಯಾಗಿ ಕೂತು ಹೊಲಿಯುತ್ತಿದ್ದೆ. ನಾನು ಒಳಗಿನ ಬೀರುಗಳಿಗೆ ಬಣ್ಣ ಬಳಿದೆ. ನಮ್ಮ ಶೆರಿಲ್ ಆಗ ಎಂಟು ವರ್ಷದವಳು — ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ, ಆ ಬಣ್ಣದ ಡಬ್ಬಿಯನ್ನು ಎರಡು ಸಲ ಚೆಲ್ಲಿದಳು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಚಳಿಗಾಲ ಇನ್ನೊಂದಿಲ್ಲ. ಅದನ್ನು ನೆನೆಯುವ ಹಕ್ಕನ್ನೂ ಕಳೆದುಕೊಂಡೆ.

ವಾಲ್ಟರ್ ಶುಐಬಾದ ಕಾರ್ಖಾನೆಯಲ್ಲಿ ಮೆಯಿಂಟೆನೆನ್ಸ್ ನೋಡಿಕೊಳ್ಳುವವರು. ಭಾರ ಎತ್ತುವ ವಸ್ತುವನ್ನು ನಂಬುವ ಜಾತಿಯಲ್ಲ. ರಾಟೆಯ ಹತ್ತಿರ ಆ ಕೇಬಲ್ಲಿನ ಕೆಲವು ಎಳೆ ಕಡಿದಿದ್ದವು. ಆ ಅಳತೆಯದ್ದು ಇಲ್ಲೆಲ್ಲೂ ಸಿಗಲಿಲ್ಲ. ಅದಕ್ಕೆ ಅವರು ನಾಲ್ಕು ಕಬ್ಬಿಣದ ಪೈಪುಗಳನ್ನು ಸರಿಯಾದ ಉದ್ದಕ್ಕೆ ಕತ್ತರಿಸಿದರು. ಛಾವಣಿ ಎತ್ತಿದ ಮೇಲೆ ನಾಲ್ಕು ಕಂಬಗಳ ಪಕ್ಕದಲ್ಲಿ ಒಂದೊಂದು ನಿಲ್ಲಿಸಬೇಕು — ಕೆಳತುದಿ ಪೆಟ್ಟಿಗೆಯ ಅಂಚಿಗೆ, ಮೇಲಿನ ತುದಿ ಛಾವಣಿಗೆ. ಕೇಬಲ್ ಕಡಿದರೂ ಛಾವಣಿ ಪೈಪುಗಳ ಮೇಲೆ ನಿಲ್ಲುತ್ತದೆ.

“ಪೈಪು ಹಾಕದೆ ಒಬ್ರೂ ಒಳಗೆ ಹೋಗ್ಲಿಕ್ಕಿಲ್ಲ,” ಎಂದು ಎಲ್ಲರೆದುರು ಹೇಳಿದರು. ನನ್ನ ಕಡೆ ತಿರುಗಿ, “ಅದು ನಿನ್ನ ಕೆಲಸ. ಫಿಸಿಕ್ಸ್ ಟೀಚರ್ ಅಲ್ವಾ ನೀನು?”

ಮೊದಲ ಎರಡು ಸಲ ಹೋದಾಗ ನಾಲ್ಕೂ ಪೈಪು ಹಾಕಿದೆ. ಪ್ರತಿಯೊಂದನ್ನೂ ಅಲ್ಲಾಡಿಸಿ ನೋಡಿದೆ. ಏನೂ ಆಗಲಿಲ್ಲ. ಏನೂ ಆಗದಿದ್ದದ್ದು ಪೈಪಿನಿಂದ ಎಂಬುದು ನಿಧಾನಕ್ಕೆ ಮನಸ್ಸಿನಿಂದ ಜಾರಿತು ಎಂದು ಕಾಣುತ್ತದೆ.

ಆಮೇಲೆ ತನ್ವಿ ಹುಟ್ಟಿದಳು. ವಿಸಿಟ್ ವೀಸಾದಲ್ಲಿ ಗಣೇಶನ ತಾಯಿ ಬಂದರು. ಸುಂದರಿಯಮ್ಮ. ಅವರು, ನಾನು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನದಿಂದ ನನ್ನನ್ನು ಟೀಚರ್ ಎಂದೇ ಕರೆದರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಆ ಶಬ್ದದ ಮೇಲೆ ಎಷ್ಟು ಗೌರವವಿತ್ತು ಎಂದರೆ, ಮಗುವಿಗೆ ಬಿಕ್ಕಳಿಕೆ ಬಂದರೂ, ಲಿಫ್ಟ್ ನಿಂತರೂ ಕೆಳಗಿಳಿದು ಬಂದು ನನ್ನನ್ನೇ ಕೇಳುತ್ತಿದ್ದರು. ನಾನು ಏನು ಹೇಳಿದರೂ “ಟೀಚರ್ ಹೇಳಿದ ಮೇಲೆ ಆಯ್ತಲ್ಲ” ಎಂದು ವಾಪಸು ಹೋಗುತ್ತಿದ್ದರು.

ಅವರು ಊರಿನಿಂದ ತಂದಿದ್ದ ಒಂದು ಹಳೆಯ ನೂಲಿನ ಸೀರೆ ನಿನಗೆ ನೆನಪಿರುತ್ತದೆ. ಕೆಂಪು ಅಂಚು, ಒಗೆದು ಒಗೆದು ಹತ್ತಿಯಂತೆ ಮೆತ್ತಗಾಗಿದ್ದದ್ದು. ಗಣೇಶನನ್ನೂ ಅವನ ಅಕ್ಕನನ್ನೂ ತೂಗಿದ ಸೀರೆಯಂತೆ. ಮನೆಯಲ್ಲಿ ಅದನ್ನು ಕಟ್ಟುವ ವಿಷಯಕ್ಕೆ ನಿಮ್ಮಿಬ್ಬರಿಗೂ ಸಣ್ಣ ಸಣ್ಣ ಮಾತು ಬರುತ್ತಿತ್ತು. “ಅತ್ತೆ, ಮಗು ಕಾಟಿನಲ್ಲೇ ಮಲಗ್ಲಿ, ಬೆನ್ನು ನೇರ ಇರಬೇಕಂತೆ,” ಎನ್ನುತ್ತಿದ್ದೆ ನೀನು. “ಇವನ ಬೆನ್ನು ಡೊಂಕಾಗಿದೆಯಾ, ನೋಡು,” ಎಂದು ಅವರು ಗಣೇಶನ ಬೆನ್ನಿಗೆ ಒಂದು ಗುದ್ದುತ್ತಿದ್ದರು. ನಕ್ಕು ಮುಗಿಸುತ್ತಿದ್ದಿರಿ. ಆದರೂ ಅದು ಇತ್ತು. ನನ್ನ ಸುಳ್ಳು ಬೇರೂರುವುದಕ್ಕೆ ನೆಲ ಮೊದಲೇ ಹದವಾಗಿತ್ತು — ಅದು ನನಗೆ ಗೊತ್ತಿತ್ತು ಎಂದು ಕೂಡ ಇಲ್ಲಿ ಬರೆಯಬೇಕು.

ಅವರು ಹೊರಡುವ ಮೊದಲು ಒಮ್ಮೆ ಮರುಭೂಮಿ ತೋರಿಸೋಣ ಎಂದು ಹೊರಟೆವು. ವಫ್ರಾ ರಸ್ತೆ ದಾಟಿ, ಬೇರೆ ಡೇರೆಗಳಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿದೆವು. ಸುಂದರಿಯಮ್ಮ ಕಾರಿನಿಂದ ಇಳಿದು, ಚಪ್ಪಲಿ ಕಳಚಿ, ಮರಳಿನಲ್ಲಿ ಕಾಲೂರಿ ಸುತ್ತ ನೋಡಿ, “ನಮ್ಮ ಹೊಳೆಯ ಹೊಯ್ಗೆ ಎಲ್ಲ ಇಲ್ಲಿಗೇ ಬಂದು ಬಿದ್ದದ್ದಾ ಏನು?” ಎಂದರು. ವಾಲ್ಟರ್ ನಗು ತಡೆಯಲಾರದೆ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ ನಿಂತುಬಿಟ್ಟರು.

ಛಾವಣಿ ಎದ್ದಿತು. ನಾನು ನಾಲ್ಕೂ ಪೈಪು ಹಾಕಿದೆ. ಇದು ನಿಜ.

ಊಟವಾದ ಮೇಲೆ ದೂರದಲ್ಲಿ ಯಾರದ್ದೋ ಕಾರು ಮರಳಿನಲ್ಲಿ ಹೂತು ಕೂತಿತ್ತು. ಸಹಾಯಕ್ಕೆಂದು ವಾಲ್ಟರ್, ಗಣೇಶ್ ಸಲಿಕೆ ಹಿಡಿದು ಹೊರಟರು. ಶೆರಿಲ್ ಕೂಡ ಹಿಂದೆ ಓಡಿದಳು. ಹೋಗುವ ಮೊದಲು ವಾಲ್ಟರ್ ತಿರುಗಿ, “ಪೈಪು ಹಾಕಿದ್ದೀಯಲ್ಲ?” ಎಂದರು. “ಹಾಕಿದ್ದೇನೆ, ಹೋಗಿ,” ಎಂದೆ. ನೀನು ರಾತ್ರಿಯಿಡೀ ನಿದ್ದೆಯಿಲ್ಲದೆ ಸೋತಿದ್ದೆ. ಮಗುವಿಗೆ ಹಾಲು ಕೊಟ್ಟು, ಅತ್ತೆಯ ಕೈಗೆ ಒಪ್ಪಿಸಿ, ನಮ್ಮ ಕಾರಿನ ಸೀಟು ಹಿಂದಕ್ಕೆ ಮಾಡಿ ಮಲಗಿದೆ. ಉಳಿದದ್ದು ಅವರು, ನಾನು, ತನ್ವಿ.

ಬಿಸಿಲು ಬಾಗಿಲಿನ ಕಡೆಗೆ ತಿರುಗಿತು. ನಾನು ಹೊರಗೆ ಸ್ಟೌವಿನ ಮೇಲೆ ಚಹಾ ಇಡಬೇಕಿತ್ತು. ಬಾಗಿಲ ಮುಂದೆ ಕಟ್ಟುವ ನೆರಳಿನ ಬಟ್ಟೆ ಬಿಚ್ಚಿದೆ — ಅದರ ಎರಡು ಕೋಲು ಇರಲಿಲ್ಲ. ಸಾಲ್ಮಿಯಾದಲ್ಲಿ, ಮೆಟ್ಟಿಲಿನ ಕೆಳಗೆ ಬಿಟ್ಟುಬಂದಿದ್ದೆ. ಅವನ್ನು ತರುವುದೂ ನನ್ನ ಕೆಲಸವೇ. ಮತ್ತೆ ವಾಲ್ಟರ್ ನಗುತ್ತಾರೆ, “ಟೀಚರ್ ಮರೆತರು” ಎಂದು ಗಣೇಶ್ ಸಂಜೆಯವರೆಗೆ ಹಾಡುತ್ತಾನೆ...

ಬಾಗಿಲ ಕಡೆಯ ಎರಡು ಪೈಪು ತೆಗೆದೆ. ಬಟ್ಟೆಯ ಒಂದು ಅಂಚನ್ನು ಛಾವಣಿಗೆ ಕಟ್ಟಿ, ಇನ್ನೊಂದು ಅಂಚಿಗೆ ಆ ಪೈಪುಗಳನ್ನು ಮರಳಿನಲ್ಲಿ ನೆಟ್ಟೆ. ಚೆಂದ ನಿಂತವು. ಅವರು ಬರುವ ಮೊದಲು ವಾಪಸು ಹಾಕಿದರಾಯಿತು. ಅಷ್ಟೇ ಯೋಚಿಸಿದ್ದು.

ಮಗು ಒಳಗೆ ಅಳತೊಡಗಿತು. ಹೊಸ ಜಾಗ, ನಿದ್ದೆ ಬರುತ್ತಿರಲಿಲ್ಲ. ಸುಂದರಿಯಮ್ಮ ಸೀರೆ ಹಿಡಿದು ಬಾಗಿಲಿಗೆ ಬಂದರು. ಪರದೆ ಹಾಕಲೆಂದು ಛಾವಣಿಗೆ ಅಡ್ಡಲಾಗಿ ವಾಲ್ಟರ್ ಬೋಲ್ಟ್ ಮಾಡಿದ್ದ ಕಬ್ಬಿಣದ ಸರಳನ್ನು ತೋರಿಸಿ ಕೇಳಿದರು: “ಇದಕ್ಕೆ ಕಟ್ಟಬಹುದಾ ಟೀಚರ್? ಭಾರ ತಡೀತದಾ?”

ನಾನು ಒಳಗೆ ಹೋದೆ. ಅವರ ಕೈಗೆ ಸರಳು ಎಟುಕುತ್ತಿರಲಿಲ್ಲ. ನಾನೇ ಸೀಟಿನ ಮೇಲೆ ಹತ್ತಿ ಸೀರೆ ಸುತ್ತಿ ಗಂಟು ಹಾಕಿದೆ. ಗಂಟು ಬಿಗಿಯುವಾಗ ಮುಖ ಕಿಟಕಿಯ ಎದುರಿಗಿತ್ತು. ನೀನೇ ಹೊಲಿದ ಬಲೆಯ ಆಚೆ, ಬಿಸಿಲಿನಲ್ಲಿ, ಆ ಎರಡು ಪೈಪು ನಿಂತಿದ್ದವು.

ನೋಡಿದೆ, ವಿದ್ಯಾ. ಮರೆತೆ ಎಂದು ಹೇಳಿಕೊಳ್ಳಲು ಈ ಹತ್ತು ವರ್ಷ ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ನೋಡಿದೆ, ಇವು ಇಲ್ಲಿ ಇರಬೇಕಿತ್ತು ಎಂದು ಮನಸ್ಸಿಗೆ ಬಂತು, ಒಂದು ಅರ್ಧ ಗಂಟೆಗೆ ಏನಾಗುತ್ತದೆ ಎಂದೂ ಬಂತು. ಇಳಿದು ಹೋಗಿ, ನೆರಳಿನ ಬಟ್ಟೆ ಬಿಚ್ಚಿ, ಪೈಪು ಹಾಕಿ ಬರಲು ಎಷ್ಟು ಹೊತ್ತು? ಒಂಬತ್ತನೆಯ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಆಧಾರ, ಭಾರ ಎಂದು ಪಾಠ ಮಾಡುವವಳು ನಾನು.

“ಏನೂ ಆಗುದಿಲ್ಲ ಅಮ್ಮ,” ಎಂದೆ. “ನಾಲ್ಕು ಕಡೆಯೂ ಕಬ್ಬಿಣ ಉಂಟು.”

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವರಿಗೆ ಧೈರ್ಯ ಬರಲೆಂದು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಎತ್ತಿ, ನನ್ನ ಇಡೀ ಭಾರ ಹಾಕಿ ಜೋತು ತೋರಿಸಿದೆ. ಎಲ್ಲೋ ಟಿಕ್ ಎಂದಿತು. ಗಂಟು ಕೂತಿತು ಅಂದುಕೊಂಡೆ. ಆ ಸದ್ದನ್ನು ನಾನು ಈಗಲೂ ಕೇಳುತ್ತೇನೆ — ತರಗತಿಯಲ್ಲಿ ಯಾರೋ ಪೆನ್ನಿನ ಗುಂಡಿ ಒತ್ತಿದರೆ ಸಾಕು.

“ಟೀಚರ್ ಹೇಳಿದ ಮೇಲೆ ಆಯ್ತಲ್ಲ,” ಎಂದು ಅವರು ಮಗುವನ್ನು ಮಲಗಿಸಿದರು.

ಹೊರಗೆ ಬಂದೆ. ನೀರು ಕುದಿಯುತ್ತಿತ್ತು. ಒಳಗಿನಿಂದ ಅವರ ಜೋಗುಳ, ಪದಗಳಿಲ್ಲದ ಬರೀ ಊಂಕಾರ. ಮಗುವಿನ ಅಳು ನಿಂತಿತು. ಆಗ ಗಾಳಿ ಬೀಸಿತು. ನೆರಳಿನ ಬಟ್ಟೆ ಹಾಯಿಯಂತೆ ಉಬ್ಬಿ ಛಾವಣಿಯನ್ನು ಎಳೆಯಿತು. ಒಂದು ಪೈಪು ಮರಳಿನಿಂದ ಏಳತೊಡಗಿತು. ಓಡಿಹೋಗಿ ಎರಡೂ ಕೈಯಿಂದ ಹಿಡಿದೆ. ನೆರಳಿನ ಬಟ್ಟೆ ಕುಸಿಯಬಾರದೆಂದು.

ಆ ಪೈಪು ನನ್ನ ಕೈಯಲ್ಲಿದ್ದಾಗಲೇ ಛಾವಣಿ ಬಿತ್ತು.

ಕೇಬಲ್ ಕಡಿದ ಸದ್ದು ದೊಡ್ಡದಲ್ಲ, ಚಾಟಿ ಬೀಸಿದಂತೆ. ಬಾಗಿಲ ಕಡೆ ಪೂರ್ತಿ ಕುಸಿಯಿತು. ಆಚೆಯ ಕಡೆ ಎರಡು ಪೈಪು ಇದ್ದವಲ್ಲ, ಅದು ನಿಂತಿತ್ತು. ಹಾಗಾಗಿ ಛಾವಣಿ ಓರೆಯಾಗಿ, ಬಾಯಿ ಮುಚ್ಚಿದಂತೆ ಬಂತು. ನಾನು ಕ್ಯಾನ್ವಾಸಿನ ಕೆಳಗೆ ತೂರಿ ಒಳಗೆ ಹೋದೆ.

ಈಗ ಹೇಳುವುದು ನಿನಗೆ ಯಾರೂ ಹೇಳದೇ ಇರುವುದು. ನೋಡಿದವಳು ನಾನೊಬ್ಬಳೇ. ನಿನ್ನ ಅತ್ತೆ ಮೊಣಕಾಲೂರಿ, ಒಂದು ಕೈ ನೆಲಕ್ಕೆ ಕೊಟ್ಟು, ಬೆನ್ನಿನ ಮೇಲೆ ಆ ಛಾವಣಿಯನ್ನು ಹೊತ್ತಿದ್ದರು. ಅವರ ಹೊಟ್ಟೆಯ ಕೆಳಗೆ ತೊಟ್ಟಿಲು. ಬಿದ್ದ ಸರಳು ಮಗುವಿನ ಎಡಭುಜವನ್ನು ಸೀಟಿನ ಅಂಚಿಗೆ ಒತ್ತಿತ್ತು. ಅದು ಇನ್ನೊಂದಿಷ್ಟು ಇಳಿಯದಂತೆ ಅವರ ಬೆನ್ನು ತಡೆದಿತ್ತು. ನೆಲಕ್ಕೆ ಕೊಟ್ಟ ಕೈಯ ಮಣಿಕಟ್ಟು ತಿರುಚಿಹೋಗಿತ್ತು. ಅವರು ಕೂಗಲಿಲ್ಲ. “ಮಗುವನ್ನು ತೆಗೀ,” ಎಂದರು. “ನನ್ನನ್ನು ಬಿಡು. ಮಗುವನ್ನು ತೆಗೀ.” ಆಗ ಟೀಚರ್ ಎನ್ನಲಿಲ್ಲ.

ಅವರು ಅಲ್ಲಿಲ್ಲದಿದ್ದರೆ ತನ್ವಿ ಇರುತ್ತಿರಲಿಲ್ಲ. ಈ ಒಂದು ವಾಕ್ಯವನ್ನು ನಾನು ನಿನಗೆ ಅಂದೇ ಹೇಳಬೇಕಿತ್ತು. ಬೇರೆಲ್ಲ ಸುಳ್ಳನ್ನು ಇಟ್ಟುಕೊಂಡಾದರೂ ಇದೊಂದನ್ನು...

ಸರಳಿನಡಿಯಿಂದ ಮಗುವನ್ನು ಬಿಡಿಸಿ, ಸದ್ದಿಗೆ ಎದ್ದು ಬಂದ ನಿನ್ನ ಕೈಗೆ ಕ್ಯಾನ್ವಾಸಿನ ಕೆಳಗಿಂದ ಕೊಟ್ಟೆ. ನಿನ್ನ ಕೂಗು ಕೇಳಿ ಗಂಡಸರು ಓಡಿಬಂದರು. ಛಾವಣಿ ಎತ್ತಿ ಹಿಡಿಯಲು ವಾಲ್ಟರ್ ಏನಾದರೂ ಕೊಡು ಎಂದು ಕಿರುಚಿದಾಗ ಅವರ ಬೆನ್ನ ಹಿಂದೆ, ಮರಳಿನಲ್ಲಿ ಬಿದ್ದಿದ್ದ ಅದೇ ಎರಡು ಪೈಪುಗಳನ್ನು ತಂದು ಕೊಟ್ಟೆ. ಅವರು ಅವನ್ನು ಛಾವಣಿಗೆ ಊರುಗೊಟ್ಟು ನಿಲ್ಲಿಸಿದರು. ಸರಿಯಾಗಿ ನಿಂತವು. ಸುಂದರಿಯಮ್ಮನನ್ನು ಹೊರಗೆ ಎಳೆದ ಮೇಲೆ ಒಂದು ಕ್ಷಣ ಪೈಪನ್ನೇ ನೋಡಿ ಕೇಳಿದರು: “ಇದು ಎಲ್ಲಿ ಬಿದ್ದಿತ್ತು?”

“ಒಳಗೆ,” ಎಂದೆ.

ಅದೇ ಮೊದಲನೆಯದು. ಯೋಚಿಸಿ ಹೇಳಿದ್ದಲ್ಲ. ಆದರೆ ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲು, ಮೆಟ್ಟಿಲಿನ ಕೆಳಗಿದ್ದ ನೆರಳಿನ ಕೋಲುಗಳನ್ನು ತೆಗೆದುಕೊಂಡು ಹೋಗಿ ರಸ್ತೆಯ ಕಸದ ತೊಟ್ಟಿಗೆ ಹಾಕಿದೆನಲ್ಲ — ಅದು ಯೋಚಿಸಿ ಮಾಡಿದ್ದು.

ಆಸ್ಪತ್ರೆಯ ಕಾರಿಡಾರು. ಒಳಗೆ ಮಗುವಿನ ಎಕ್ಸ್‌ರೇ ತೆಗೆಯುತ್ತಿದ್ದರು. ಭುಜದ ಮೂಳೆ ಮುರಿದಿದೆ, ನರಕ್ಕೂ ಪೆಟ್ಟಾಗಿರಬಹುದು ಎಂದು ಡಾಕ್ಟರು ಹೇಳಿಹೋಗಿದ್ದರು. ಎದುರಿನ ಬೆಂಚಿನಲ್ಲಿ ಸುಂದರಿಯಮ್ಮ ಕೈಗೆ ಹಸಿ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದರು, ಕೂದಲಲ್ಲಿ ಇನ್ನೂ ಮರಳು. ನೀನು ನನ್ನ ಭುಜ ಹಿಡಿದು ಅಲ್ಲಾಡಿಸಿದೆ. “ಅಕ್ಕ, ತೊಟ್ಟಿಲು ಅಲ್ಲಿ ಯಾಕೆ ಕಟ್ಟಿದ್ದು? ಯಾರು ಕಟ್ಟಿದ್ದು? ನೀವು ಅಲ್ಲೇ ಇದ್ರಲ್ಲ ಅಕ್ಕ?”

ನಿನ್ನ ಕಣ್ಣು ನೋಡಿ ಹೆದರಿದೆ. ವಾಲ್ಟರ್ ಪಕ್ಕದಲ್ಲೇ ನಿಂತಿದ್ದರು.

“ನಾನು ಬೇಡ ಅಂದೆ,” ಎಂದೆ. “ಅವರು ಕೇಳಲಿಲ್ಲ.”

ಅವರಿಗೆ ಕೇಳಿಸಿತು. ತಲೆ ಎತ್ತಿದರು. ಬಾಯಿ ತೆರೆದರು — ಅದನ್ನು ಕಂಡೆ, ಏನೋ ಹೇಳಲು ಹೊರಟರು. ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಪಾಠ ಅರ್ಥವಾಗದ ಮಗು ಟೀಚರನ್ನು ನೋಡುವಂತೆ, ತನಗೇ ಏನೋ ತಪ್ಪಾಗಿ ತಿಳಿದಿರಬೇಕು ಎಂಬಂತೆ ನೋಡಿದರು. ಬಾಯಿ ಮುಚ್ಚಿದರು. ಯಾಕೆ ಸುಮ್ಮನಾದರೋ ನನಗೆ ಇಂದಿಗೂ ತಿಳಿಯದು. ನಾನೇ ಒಪ್ಪಿಕೊಳ್ಳುತ್ತೇನೆಂದು ಕಾದರೇನೋ. ನೀನು ಅವರ ಕಡೆ ತಿರುಗಿ ಅಂದದ್ದು ನಿನಗೆ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿನ್ನ ಮಾತಲ್ಲ, ನನ್ನ ಸುಳ್ಳಿನ ಮಾತು. ಅವರು ಹೇಳಿದ್ದು ಒಂದೇ: “ನಾನು ಇದ್ದೆ ಅಲ್ವಾ ಅಲ್ಲಿ. ನಾನೇ ನೋಡಿಕೊಳ್ಬೇಕಿತ್ತು.”

ಮುಂದಿನ ವಾರ ಅವರು ಊರಿಗೆ ಹೋದರು. ಹೊರಡುವ ದಿನವೂ ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ಕೆಳಗೆ ಕಾರಿನ ಹತ್ತಿರ ನಾನಿದ್ದೆ, ಬ್ಯಾಗು ಹಿಡಿದುಕೊಂಡು. ಆ ಕೆಂಪಂಚಿನ ಸೀರೆ ಕ್ಯಾಂಪರಿನಲ್ಲೇ ಹರಿದುಹೋಗಿತ್ತು. ಅವರು ಅದನ್ನು ಕೇಳಲಿಲ್ಲ.

ವಾಲ್ಟರ್ ಕ್ಯಾಂಪರನ್ನು ತಾವೇ ಬಿಚ್ಚಿ ಗುಜರಿಗೆ ಹಾಕಿದರು. ತೊಟ್ಟಿಲಿನ ಅಲುಗಾಟಕ್ಕೆ ಪೈಪು ಜಾರಿತು ಎಂದು ಅವರು ಲೆಕ್ಕ ಹಾಕಿದ್ದರು. ತುದಿಗೆ ಒಂದು ಕೊಕ್ಕೆ ಹಾಕಿದ್ದರೆ ಜಾರುತ್ತಿರಲಿಲ್ಲ ಎಂದು. ಆಮೇಲೆ ಮನೆಯಲ್ಲಿ ಒಂದು ಕಪಾಟನ್ನು ಗೋಡೆಗೆ ಹಾಕಬೇಕಾದರೂ ಹೊರಗಿನವರನ್ನು ಕರೆಸಿದರು. “ನನ್ನ ಕೆಲಸ ನಂಬ್ಲಿಕ್ಕಾಗುದಿಲ್ಲ,” ಎನ್ನುತ್ತಿದ್ದರು, ತಮಾಷೆಯ ಹಾಗೆ. ಅದನ್ನು ಕೇಳಿಕೊಂಡು ಅವರಿಗೆ ಊಟ ಬಡಿಸಿದ್ದೇನೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಕಿನ್ನಿಗೋಳಿಗೆ, ಗಣೇಶನ ಅಕ್ಕನ ಮನೆಗೆ ಹೋಗಿದ್ದೆ. ಅವನು ತಾಯಿಗೆಂದು ಕೊಟ್ಟ ಔಷಧಿ ತಲುಪಿಸಲು. ನಿನಗೆ ಹೇಳಿರಲಿಲ್ಲ. ಮನೆ ತುಂಬ ಜನ, ಗದ್ದಲ. ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಳು. ಸುಂದರಿಯಮ್ಮ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲೇ ತೊಟ್ಟಿಲು. ನಾವು ಮಾತಾಡುತ್ತಿದ್ದಾಗ ಕೂಸು ಎದ್ದು ಅತ್ತಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರು ತಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು, “ಯಾರಾದ್ರೂ ಬನ್ನಿ, ಕೂಸು ಎದ್ದಿದೆ, ಬನ್ನಿ,” ಎಂದು ಒಳಗೆ ಕೂಗಿದರು. ಅಡುಗೆಮನೆಯ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಕೂಸು ಕೆಂಪಾಗಿ ಅಳುತ್ತಿತ್ತು. ಅವರು ಕೂಗುತ್ತಲೇ ಇದ್ದರು, ಕೈ ಮಾತ್ರ ಹೊರಗೆ ಬರಲಿಲ್ಲ.

“ತೂಗಬಹುದಲ್ಲ ಅಮ್ಮ,” ಎಂದೆ, ತಡೆಯಲಾರದೆ.

“ನನ್ನ ಕೈ ಒಳ್ಳೇದಲ್ಲ ಟೀಚರ್. ಅಂದಿನಿಂದ ನಾನು ಯಾವ ಮಗುವನ್ನೂ ಮುಟ್ಟಲಿಲ್ಲ.”

ನಾನು ಎದ್ದು ತೊಟ್ಟಿಲು ತೂಗಿದೆ. ನಾನು!

ಆಗ ಅವರು ನನ್ನ ಸೆರಗು ಹಿಡಿದು ಹತ್ತಿರ ಎಳೆದು ಹೇಳಿದರು, ನಿಧಾನವಾಗಿ, ಬಹಳ ಕಾಲದಿಂದ ಹೇಳಬೇಕೆಂದು ಇಟ್ಟುಕೊಂಡಂತೆ: “ನೀನು ಬೇಡ ಅಂದಿದ್ದೆ ಅಲ್ವಾ ಮಗಾ. ನಾನೇ ಕೇಳಲಿಲ್ಲ. ನೀನು ಬೇಜಾರು ಮಾಡಬೇಡ.”

ಅಣಕವಿರಲಿಲ್ಲ ಅದರಲ್ಲಿ. ಹುಡುಕಿದೆ, ಅವರ ಕಣ್ಣಿನಲ್ಲಿ ಹುಡುಕಿದೆ. ಬೇರೆಲ್ಲ ಸ್ಪಷ್ಟವಾಗಿ ನೆನಪಿದೆ ಅವರಿಗೆ, ಲಿಫ್ಟ್ ನಿಂತದ್ದು ಸಹ. ಇದೊಂದು ಮಾತ್ರ ನಾನು ಹೇಳಿದ ಹಾಗೆ ನೆನಪಿದೆ. ಹತ್ತು ವರ್ಷ ಎಲ್ಲರ ಬಾಯಲ್ಲೂ ಕೇಳಿ ಕೇಳಿ, ತಾವು ಕಣ್ಣಾರೆ ಕಂಡದ್ದನ್ನು ಬಿಟ್ಟು, ಟೀಚರ್ ಹೇಳಿದ್ದನ್ನು ಇಟ್ಟುಕೊಂಡಿದ್ದಾರೆ. ನನ್ನನ್ನೇ ಸಮಾಧಾನ ಮಾಡುತ್ತಿದ್ದಾರೆ.

ಆ ಮನೆಯಲ್ಲಿ, ಆ ತೊಟ್ಟಿಲಿನ ಹಗ್ಗ ಕೈಯಲ್ಲಿ ಹಿಡಿದುಕೊಂಡು, ಆಗಲೇ ಹೇಳಬಹುದಿತ್ತು. “ಇಲ್ಲಮ್ಮ” ಎಂಬ ಒಂದು ಶಬ್ದ. ನಾನು “ಸರಿ ಅಮ್ಮ” ಎಂದೆ. ಔಷಧಿಯನ್ನು ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬೇಕೆಂದು ವಿವರಿಸಿ ಎದ್ದು ಬಂದೆ. ಮೊದಲನೆಯ ಸುಳ್ಳಿಗೆ ಗಾಬರಿ ಇತ್ತು. ಇದಕ್ಕೆ ಏನಿತ್ತು?

ಮೊನ್ನೆ ನೀನು ನಮ್ಮ ಮನೆಗೆ ಬಂದು, ಈ ಬೇಸಿಗೆಯಲ್ಲಿ ಗಣೇಶನ ಅಕ್ಕನ ಮನೆಯ ಮದುವೆಗೆ ಕಿನ್ನಿಗೋಳಿಗೆ ಹೋಗಲೇಬೇಕಾಗಿದೆ ಎಂದೆ. “ಒಂದು ದಿನ ಹೋಗಿ ಬರ್ತೇವೆ ಅಕ್ಕ. ಆದರೆ ತನ್ವಿಯನ್ನು ಅವರ ಹತ್ತಿರ ಒಬ್ಬಳನ್ನೇ ಬಿಡುದಿಲ್ಲ. ಐದು ನಿಮಿಷವೂ ಬಿಡುದಿಲ್ಲ.” ನಿನ್ನ ಲೋಟಕ್ಕೆ ಚಹಾ ಹಾಕುತ್ತಿದ್ದೆ. ಹಾಕುತ್ತಲೇ ಇದ್ದೆ. “ಅಕ್ಕ, ಚೆಲ್ತಾ ಉಂಟು,” ಎಂದೆ ನೀನು.

ಅಂದು ರಾತ್ರಿ ಊಟಕ್ಕೆ ಮೊದಲು ವಾಲ್ಟರಿಗೆ ಹೇಳಿದೆ, ಎಲ್ಲವನ್ನೂ. ಅವರು ಬೈಯಲಿಲ್ಲ. “ಪೈಪು ಜಾರಿರಲಿಲ್ವಾ?” ಎಂದು ಕೇಳಿದರು. ಇಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ಇಲ್ಲ ಎಂದೆ. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮಾತಾಡಬೇಕೆಂದು ನಾನೂ ಕೇಳುವುದಿಲ್ಲ.

ಇಂದು ಸಂಜೆ ಮಹಡಿ ಹತ್ತಿ ನಿಮ್ಮ ಮನೆಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು ಕೆಳಗೆ ಓಡುವುದಿಲ್ಲ. ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ನೀನು ಏನು ಅಂದರೂ ಕೇಳುತ್ತೇನೆ. ತನ್ವಿಗೆ ಯಾವಾಗ, ಹೇಗೆ ಹೇಳಬೇಕೆಂದು ನೀನು ಹೇಳು, ನಾನೇ ಹೇಳುತ್ತೇನೆ. ಕ್ಷಮೆ ಕೇಳಲು ಬರುವುದಲ್ಲ. ಒಂದೇ ಒಂದು ಬೇಡಿಕೆ — ಆಮೇಲೆ ಕಿನ್ನಿಗೋಳಿಗೆ ಫೋನು ಮಾಡು. ಮೊದಲು ಮಾತಾಡುವುದು ನಾನು.

ತುಳುವಿನಲ್ಲಿ ಹೇಗೆ ಹೇಳಬೇಕೆಂದು ಕಳೆದ ಮೂರು ದಿನದಿಂದ ಒಬ್ಬಳೇ ಹೇಳಿಕೊಳ್ಳುತ್ತಿದ್ದೇನೆ. ತೊಟ್ಟಿಲು ಕಟ್ಟಿದ್ದು ನಾನು ಅಮ್ಮ, ನೀವು ಕೇಳಿದ್ದಿರಿ, ನಾನು ಏನೂ ಆಗುದಿಲ್ಲ ಅಂದೆ, ಮಗು ಉಳಿದದ್ದು ನಿಮ್ಮ ಕೈಯಿಂದ. ಇಷ್ಟೇ. ಆದರೆ ಅವರು ಏನನ್ನುತ್ತಾರೆಂದು ನನಗೆ ಈಗಲೇ ಕೇಳಿಸುತ್ತಿದೆ. ಇಲ್ಲ ಮಗಾ, ನೀನು ಬೇಡ ಅಂದಿದ್ದೆ. ನನಗೆ ಸರಿಯಾಗಿ ನೆನಪುಂಟು.

ಅಷ್ಟು ಚೆನ್ನಾಗಿ ಕಲಿಸಿದ್ದೇನೆ ಅವರಿಗೆ. ಅವರು ನಂಬುವವರೆಗೆ ಹೇಳುತ್ತೇನೆ, ಮತ್ತೆ ಮತ್ತೆ, ದಿನಾ. ಬೇಸಿಗೆಯ ಮೊದಲು ನಂಬಿಸಬೇಕು. ತನ್ವಿ ಅವರ ಮುಂದೆ ಹೋಗಿ ನಿಂತಾಗ ಆ ಎರಡು ಕೈಗಳು ತೊಡೆಯ ಕೆಳಗೆ ಇರಬಾರದು.